ಜಾಲತಾಣದಲ್ಲಿ ಶಿಕ್ಷಕರು: ಹಕ್ಕು ಎಷ್ಟು, ಎಚ್ಚರ ಎಲ್ಲಿ?

2023ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲಾ ಶಿಕ್ಷಕರೊಬ್ಬರು ಅಮಾನತಾದರು. ಉಚಿತ ಯೋಜನೆಗಳ ವಿಚಾರದಲ್ಲಿ ಮುಖ್ಯಮಂತ್ರಿಯನ್ನು ಟೀಕಿಸಿ ಸಾಮಾಜಿಕ ಜಾಲತಾಣದಲ್ಲಿ ಬರೆದರೆಂಬುದು ಅವರ ಮೇಲಿದ್ದ ಆರೋಪ. ಇಂಥ ಸುದ್ದಿ ಬಂದಾಗಲೆಲ್ಲ ‘ಈ ಫೇಸ್‌ಬುಕ್, ಯೂಟ್ಯೂಬ್ ಸಹವಾಸವೇ ಬೇಡಪ್ಪ’ ಎಂಬ ಮಾತು ಶಿಕ್ಷಕರ ಕೊಠಡಿಗಳಲ್ಲಿ ಏಳುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಭಿನ್ನರಾಶಿಯನ್ನೋ ಬೆಳಕಿನ ವಕ್ರೀಭವನವನ್ನೋ ಚೆನ್ನಾಗಿ ವಿವರಿಸಬಲ್ಲವರು ಜಾಲತಾಣದಿಂದ ಹಿಂದೆ ಸರಿದರೆ ನಷ್ಟ ಮಕ್ಕಳಿಗೇ. ಇರಿ, ಧೈರ್ಯವಾಗಿ ಇರಿ. ಕಾನೂನಿನ ಗೆರೆ ಎಲ್ಲಿದೆ ಎಂಬುದನ್ನು ಮಾತ್ರ ತಿಳಿದುಕೊಂಡಿರಿ.

ಮೊದಲು ಹಕ್ಕಿನ ಮಾತು. ಸರ್ಕಾರಿ ನೌಕರಿಗೆ ಸೇರಿದ ಮಾತ್ರಕ್ಕೆ ಸಂವಿಧಾನದ ಮೂಲಭೂತ ಹಕ್ಕುಗಳು ಕಳೆದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ, ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಹೇಳಿದೆ. ಫೇಸ್‌ಬುಕ್‌ನಲ್ಲಿ ಬರೆದ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ ತ್ರಿಪುರಾ ಹೈಕೋರ್ಟ್ 2020ರಲ್ಲಿ ಅದೇ ನಿಲುವು ತಳೆಯಿತು: ನೌಕರರಿಗೂ ಅಭಿವ್ಯಕ್ತಿ ಸ್ವಾತಂತ್ರ್ಯವಿದೆ, ನಡತೆ ನಿಯಮಗಳ ಮಿತಿ ಮಾತ್ರ ಅದಕ್ಕುಂಟು.

ಆ ಮಿತಿ ನಮ್ಮಲ್ಲಿ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021ರಲ್ಲಿದೆ. ಸರ್ಕಾರದ ನೀತಿ ಅಥವಾ ಕ್ರಮದ ವಿರುದ್ಧ ಪ್ರತಿಕೂಲ ಟೀಕೆ, ಯಾವುದೇ ಪಕ್ಷದ ಪರ ಪ್ರಚಾರ, ಕಚೇರಿಯ ದಾಖಲೆಗಳನ್ನು ಅನುಮತಿಯಿಲ್ಲದೆ ಹೊರಗೆಡಹುವುದು ಇವು ನಿಷಿದ್ಧ. ‘ಇಲ್ಲಿನ ಅಭಿಪ್ರಾಯ ವೈಯಕ್ತಿಕ’ ಎಂದು ಪ್ರೊಫೈಲ್‌ನಲ್ಲಿ ಬರೆದುಕೊಂಡರೆ ವಿನಾಯಿತಿ ಸಿಗುವುದಿಲ್ಲ. ‘ನಾನು ಬರೆದದ್ದಲ್ಲ, ಫಾರ್ವರ್ಡ್ ಮಾಡಿದ್ದಷ್ಟೇ’ ಎಂಬ ಸಮಜಾಯಿಷಿಯೂ ನಿಲ್ಲುವುದು ಕಷ್ಟ. ಸಂದೇಶವನ್ನು ಮುಂದಕ್ಕೆ ಕಳಿಸಿದವರೂ ಹೊಣೆಗಾರರೇ ಎಂದು ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿದೆ. ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಅಡ್ಮಿನ್ ಆಗಿರುವವರಿಗೆ ಒಂದು ಸಮಾಧಾನವಿದೆ. ಸದಸ್ಯರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದೆಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು ತೀರ್ಪು ನೀಡಿವೆ.

ಯೂಟ್ಯೂಬ್ ಚಾನೆಲ್ ನಡೆಸುವವರು ಇನ್ನೊಂದನ್ನು ಗಮನಿಸಬೇಕು. ಶಿಕ್ಷಣ ಹಕ್ಕು ಕಾಯ್ದೆ, 2009ರ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಪಾಠ ನಡೆಸುವುದನ್ನು ನಿಷೇಧಿಸುತ್ತದೆ. ಎಲ್ಲರಿಗೂ ತೆರೆದಿಟ್ಟ ಉಚಿತ ಪಾಠದ ವಿಡಿಯೊ ಬೇರೆ, ಶುಲ್ಕ ಕಟ್ಟಿಸಿಕೊಂಡು ಸಂಜೆ ನಡೆಸುವ ಆನ್‌ಲೈನ್ ತರಗತಿ ಬೇರೆ. ಜಾಹೀರಾತಿನ ಹಣ ಬರುವಂತಿದ್ದರೆ ನಡತೆ ನಿಯಮದ ಪ್ರಶ್ನೆಯೂ ಏಳುತ್ತದೆ. ಆದ್ದರಿಂದ ಚಾನೆಲ್‌ನ ಹೆಸರು, ವಿಷಯ, ಆದಾಯ ಬರುವುದೋ ಇಲ್ಲವೋ ಎಂಬುದನ್ನು ಸ್ಪಷ್ಟವಾಗಿ ಬರೆದು ಬಿಇಒ ಮೂಲಕ ಡಿಡಿಪಿಐಗೆ ಅರ್ಜಿ ಕೊಡಿ. ಸ್ವೀಕೃತಿ ಮೊಹರು ಇರುವ ಪ್ರತಿಯನ್ನು ಜೋಪಾನವಾಗಿಡಿ. ‘ಸಾಹೇಬರಿಗೆ ಬಾಯಲ್ಲಿ ಹೇಳಿದ್ದೆ’ ಎನ್ನುವುದು ವಿಚಾರಣೆಯಲ್ಲಿ ದಾಖಲೆಯಾಗುವುದಿಲ್ಲ.

ನನ್ನನ್ನು ನಿಜಕ್ಕೂ ಕಾಡುವುದು ಮಕ್ಕಳ ಮುಖದ ಪ್ರಶ್ನೆ. ತರಗತಿಯಲ್ಲಿ ಮಗು ತೊದಲಿದ್ದು, ಮಗ್ಗಿ ತಪ್ಪಿದ್ದು, ಅತ್ತದ್ದು ಎಲ್ಲವೂ ರೀಲ್ಸ್ ಆಗಿ ಹರಿದಾಡುತ್ತಿವೆ. ಹಾಕುವವರಲ್ಲಿ ಬಹಳಷ್ಟು ಮಂದಿಗೆ ಕೆಟ್ಟ ಉದ್ದೇಶವಿಲ್ಲ, ಪ್ರೀತಿಯಿಂದಲೇ ಹಾಕುತ್ತಾರೆ. ಆದರೆ ತಪ್ಪು ಉತ್ತರ ಹೇಳಿದ ಏಳು ವರ್ಷದ ಮಗುವನ್ನು ಲಕ್ಷಾಂತರ ಜನ ನೋಡಿ ನಕ್ಕರೆ ಅದು ಮಾನಸಿಕ ಕಿರುಕುಳವಲ್ಲದೆ ಮತ್ತೇನು? ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಉಲ್ಲಂಘಿಸಿದರೆ ಶಿಸ್ತುಕ್ರಮವನ್ನೂ ಹೇಳಿದೆ.

ಸಮವಸ್ತ್ರ, ಶಾಲೆಯ ಹೆಸರಿನ ಫಲಕ, ಊರಿನ ಹೆಸರು ಮೂರೂ ಒಂದೇ ವಿಡಿಯೊದಲ್ಲಿದ್ದರೆ ಆ ಮಗುವನ್ನು ಹುಡುಕಿಕೊಂಡು ಬರಲು ಬೇರೇನೂ ಬೇಕಾಗಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ವೈಯಕ್ತಿಕ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸಬಹುದಾದಂಥದ್ದಾಗಿರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೆ ಬರುತ್ತಿವೆ. ದೌರ್ಜನ್ಯಕ್ಕೆ ಒಳಗಾದ ಅಥವಾ ಪ್ರಕರಣವೊಂದರಲ್ಲಿ ಸಿಲುಕಿದ ಮಗುವಿನ ಗುರುತನ್ನು ಬಯಲು ಮಾಡುವುದಂತೂ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮತ್ತು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಶಿಕ್ಷಾರ್ಹ. ‘ನಮ್ಮ ಮಗುವಿಗೆ ನ್ಯಾಯ ಕೊಡಿಸಿ’ ಎಂದು ಕಳಕಳಿಯಿಂದ ಫೋಟೊ ಹಂಚಿದವರಿಗೂ ಇದು ಅನ್ವಯಿಸುತ್ತದೆ.

ದಾಖಲಾತಿ ಅರ್ಜಿಯಲ್ಲಿ ಪೋಷಕರು ಹಾಕಿದ ಸಹಿ ನಿಮ್ಮ ಸ್ವಂತ ಚಾನೆಲ್‌ಗೆ ಕೊಟ್ಟ ಒಪ್ಪಿಗೆಯಲ್ಲ. ಯಾವ ಜಾಲತಾಣ, ಯಾವ ಉದ್ದೇಶ, ಬೇಡವೆಂದಾಗ ತೆಗೆಯುವಿರೋ ಎಂಬುದನ್ನೆಲ್ಲ ಕನ್ನಡದಲ್ಲಿ ಬರೆದು, ಓದು ಬಾರದವರಿಗೆ ಓದಿ ಹೇಳಿ ಸಹಿ ಪಡೆಯಿರಿ. ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಮಂಡಿಸಿ ನಡಾವಳಿಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು. ಒಂದು ಮಾತು ನಿಜ: ಒಳ್ಳೆಯ ಪಾಠದ ವಿಡಿಯೊಗೆ ಮಗುವಿನ ಮುಖ ಬೇಕಾಗುವುದೇ ಅಪರೂಪ. ಕರಿಹಲಗೆ, ಕಲಿಕೋಪಕರಣ, ಮಕ್ಕಳು ಮಾಡಿದ ಮಾದರಿ, ನಿಮ್ಮ ಧ್ವನಿ ಇಷ್ಟಿದ್ದರೆ ಸಾಕು.

ಇನ್ನು ದಾಳಿ ನಿಮ್ಮ ಮೇಲೆಯೇ ನಡೆದರೆ? ನಿಮ್ಮ ಹೆಸರಲ್ಲಿ ನಕಲಿ ಖಾತೆ ತೆರೆಯಬಹುದು, ಆನ್‌ಲೈನ್ ತರಗತಿಯ ಚಿತ್ರವನ್ನು ತಿರುಚಿ ಅಶ್ಲೀಲವಾಗಿಸಬಹುದು. ಶಿಕ್ಷಕಿಯರಿಗೆ ಈ ಹಿಂಸೆ ಹೆಚ್ಚು. ಸಿಟ್ಟಿಗೋ ನಾಚಿಕೆಗೋ ಅದನ್ನು ಅಳಿಸಿಹಾಕಬೇಡಿ. ಖಾತೆಯ ಕೊಂಡಿ, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಸಂದೇಶ ಬಂದ ಫೋನನ್ನೂ ಹಾಗೆಯೇ ಉಳಿಸಿಕೊಳ್ಳಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ವಿದ್ಯುನ್ಮಾನ ದಾಖಲೆಯನ್ನು ಪ್ರಮಾಣಪತ್ರದೊಂದಿಗೆ ನ್ಯಾಯಾಲಯಕ್ಕೆ ಕೊಡಬೇಕಾಗುತ್ತದೆ.

ನಂತರ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸಿ. ನಗ್ನ ಅಥವಾ ತಿರುಚಿದ ಚಿತ್ರ ಮತ್ತು ಸೋಗಿನ ಖಾತೆಗಳ ವಿಷಯದಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬಂದಾಗಲೇ 24 ಗಂಟೆಗಳ ಗಡುವು ಹಾಕಿದ್ದವು. ಉತ್ತರ ತೃಪ್ತಿ ತರದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು, ವಕೀಲರು ಬೇಕಿಲ್ಲ.

ಪೊಲೀಸ್ ದೂರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ. ಹಣದ ವಂಚನೆಯಾದರೆ ತಕ್ಷಣ 1930ಕ್ಕೆ ಕರೆ ಮಾಡಿ. ‘ಇದು ನಮ್ಮ ಸರಹದ್ದಲ್ಲ’ ಎಂದು ಠಾಣೆಯವರು ವಾಪಸ್ ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಸೆಕ್ಷನ್ ಎಲ್ಲಿ ಬೇಕಾದರೂ ಮಾಹಿತಿ ಕೊಡುವ ಹಕ್ಕು ನೀಡಿದೆ. ಆದರೂ ನಿರಾಕರಿಸಿದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ದೂರು ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ಗುರುತು ಕದಿಯುವುದು ಮತ್ತು ಸೋಗಿನ ವಂಚನೆಗೆ ಐಟಿ ಕಾಯ್ದೆಯ 66ಸಿ, 66ಡಿ ಅಡಿ ಮೂರು ವರ್ಷದವರೆಗೆ ಸೆರೆವಾಸವಿದೆ. ಮಹಿಳೆಯನ್ನು ಆನ್‌ಲೈನ್‌ನಲ್ಲಿ ಹಿಂಬಾಲಿಸಿ ಕಾಡುವುದು ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 78ನೇ ಸೆಕ್ಷನ್‌ನಡಿ ಅಪರಾಧ. ಮಾನನಷ್ಟದ ದಾರಿ ಮಾತ್ರ ಬೇರೆ: ಅದಕ್ಕೆ ಮ್ಯಾಜಿಸ್ಟ್ರೇಟರಲ್ಲಿ ಖಾಸಗಿ ದೂರನ್ನೇ ಕೊಡಬೇಕು. ಇಲ್ಲಿ ಸರ್ಕಾರಿ ಶಿಕ್ಷಕರು ಮರೆಯುವ ಒಂದು ಅಂಶವಿದೆ. ಕರ್ತವ್ಯಕ್ಕೆ ಸಂಬಂಧಿಸಿದ ಟೀಕೆಯ ವಿರುದ್ಧ ಕೋರ್ಟಿಗೋ ಪತ್ರಿಕೆಗೋ ಹೋಗಲು ನಡತೆ ನಿಯಮದಂತೆ ಮೊದಲೇ ಅನುಮತಿ ಬೇಕು. ಖಾಸಗಿ ಚಾರಿತ್ರ್ಯದ ಮೇಲಿನ ದಾಳಿಗೆ ಆ ಕಟ್ಟಿಲ್ಲ.

ಮೀಮ್ ಮಾಡಿದವರು ನಿಮ್ಮ ವಿದ್ಯಾರ್ಥಿಗಳೇ ಆಗಿದ್ದರೆ ಠಾಣೆಗೆ ಓಡುವ ಮೊದಲು ಪೋಷಕರನ್ನು ಕರೆಸಿ ಮಾತಾಡಿ. ಘೋರ ಅಪರಾಧಗಳಲ್ಲಿ ಅಥವಾ ವಯಸ್ಕರ ಜೊತೆ ಸೇರಿ ಎಸಗಿದ ಅಪರಾಧಗಳಲ್ಲಿ ಬಿಟ್ಟರೆ ಮಕ್ಕಳ ಮೇಲೆ ಎಫ್‌ಐಆರ್ ದಾಖಲಿಸಬಾರದೆಂದು ಬಾಲನ್ಯಾಯ ಮಾದರಿ ನಿಯಮಗಳು, 2016 ಹೇಳುತ್ತವೆ.

ನೋಟಿಸ್ ಅಥವಾ ಅಮಾನತು ಆದೇಶ ಬಂದರೂ ದಾರಿ ಮುಚ್ಚುವುದಿಲ್ಲ. ಗಡುವಿನೊಳಗೆ ಲಿಖಿತ ಉತ್ತರ ಕೊಡಿ. ಆರೋಪ ಪಟ್ಟಿ ಕೊಡದೆ ಅಮಾನತನ್ನು ಮೂರು ತಿಂಗಳಿಗಿಂತ ಹೆಚ್ಚು ಮುಂದುವರಿಸಬಾರದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಹೇಳಿದೆ. ಸರ್ಕಾರಿ ಶಿಕ್ಷಕರಿಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ ಇದೆ. ಖಾಸಗಿ ಶಾಲೆಯವರನ್ನು ವಿಚಾರಣೆಯಿಲ್ಲದೆ ವಜಾ ಮಾಡದಂತೆ ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 92ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ; 94ನೇ ಸೆಕ್ಷನ್‌ನಡಿ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.