ಉಳ್ಳಾಗಡ್ಡಿ ದರವನ್ನು ಇಳಿಸುವವರು ಯಾರು?

2022ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು 205 ಕಿಲೊ ಉಳ್ಳಾಗಡ್ಡಿಯನ್ನು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಒಯ್ದರು. ಕ್ವಿಂಟಲ್‌ಗೆ 200 ರೂಪಾಯಿಯಂತೆ ಆದದ್ದು 410 ರೂಪಾಯಿ. ಲಾರಿ ಬಾಡಿಗೆ, ಹಮಾಲಿ ಕಳೆದು ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಆ ಚೀಟಿಯ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋಗಿ ದೇಶವೆಲ್ಲ ನೋಡಿತು.

ದರ ಇಳಿಸಿದವರು ಯಾರು? ದಲಾಲರೇ, ಸರ್ಕಾರವೇ, ಮಳೆಯೇ? ಒಬ್ಬರ ಕಡೆ ಬೆರಳು ತೋರಿಸಿ ಮುಗಿಸಲಾಗದ ಇಂಥ ಪ್ರಶ್ನೆಗಳಿಗೆಂದೇ ಒಂದು ಶಾಸ್ತ್ರವಿದೆ. ಅದರ ಹೆಸರು ಸಂಕೀರ್ಣತೆಯ ವಿಜ್ಞಾನ. 1984ರಲ್ಲಿ ಅಮೆರಿಕದಲ್ಲಿ ಶುರುವಾದ ಸಾಂಟಾ ಫೆ ಇನ್‌ಸ್ಟಿಟ್ಯೂಟ್ ಇದಕ್ಕೆ ಹೆಸರಾದ ಕೇಂದ್ರ.

ಮೊದಲು ಒಂದು ವ್ಯತ್ಯಾಸ ತಿಳಿಯೋಣ. ಬೋರ್‌ವೆಲ್ ಮೋಟರು ಕೆಟ್ಟರೆ ಬಿಚ್ಚಿ, ಸುಟ್ಟ ಭಾಗ ಬದಲಿಸಿದರೆ ಮತ್ತೆ ಓಡುತ್ತದೆ. ಮಾರುಕಟ್ಟೆ ಹಾಗಲ್ಲ. ಅದರ ಭಾಗಗಳೇ ಮನುಷ್ಯರು. ಒಬ್ಬರನ್ನೊಬ್ಬರು ನೋಡಿ ತಮ್ಮ ನಡೆ ಬದಲಿಸುವವರು. ಒಬ್ಬೊಬ್ಬರನ್ನೂ ಚೆನ್ನಾಗಿ ಬಲ್ಲೆವೆಂದ ಮಾತ್ರಕ್ಕೆ ಎಲ್ಲರೂ ಸೇರಿದಾಗ ಏನಾಗುತ್ತದೆಂದು ಹೇಳಲಾಗದು.

ಎರಡನೆಯದು ಮರುಪರಿಣಾಮ. ಒಂದು ವರ್ಷ ಉಳ್ಳಾಗಡ್ಡಿಗೆ ಒಳ್ಳೆಯ ದರ ಸಿಕ್ಕಿತೆನ್ನಿ. ಮುಂದಿನ ಮುಂಗಾರಿಗೆ ಮುಂಡರಗಿಯಲ್ಲೂ ಶಿರಹಟ್ಟಿಯಲ್ಲೂ ಹೆಚ್ಚು ಹೊಲಗಳಿಗೆ ಅದೇ ಬೀಜ ಬೀಳುತ್ತದೆ. ಎಲ್ಲರ ಫಸಲೂ ಒಟ್ಟಿಗೇ ಬಂದು ದರ ಕುಸಿಯುತ್ತದೆ. ಮರುವರ್ಷ ಬಿತ್ತುವವರು ಕಡಿಮೆ. ದರ ಮತ್ತೆ ಏರುತ್ತದೆ. ಇಲ್ಲಿ ಯಾರೂ ದಡ್ಡರಲ್ಲ, ಪ್ರತಿಯೊಬ್ಬರ ಲೆಕ್ಕಾಚಾರಕ್ಕೂ ಕಾರಣವಿದೆ. ಈ ಏರಿಳಿತಕ್ಕೆ 1934ರಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ ಜೇಡರ ಬಲೆಯ ಸಿದ್ಧಾಂತವೆಂದು ಹೆಸರಿಟ್ಟರು. ನಕ್ಷೆ ಬರೆದರೆ ಗೆರೆಗಳು ಬಲೆಯಂತೆ ಸುತ್ತುತ್ತವೆ.

ಮೂರನೆಯದು ದೂರದ ನಂಟು. ನಮ್ಮದು ಹೆಚ್ಚಾಗಿ ಮಳೆ ನಂಬಿದ ಮುಂಗಾರಿ ಬೆಳೆ. ಗಡ್ಡೆಯಲ್ಲಿ ನೀರು ಹೆಚ್ಚು, ಬಹಳ ದಿನ ಇಡಲಾಗದು. ನಾಸಿಕದ ಹಿಂಗಾರಿ ಗಡ್ಡಿಯನ್ನಾದರೆ ತಿಂಗಳುಗಟ್ಟಲೆ ಕಾಪಿಟ್ಟು ಮಾರಬಹುದು. ಇದರ ಮೇಲೆ ದೆಹಲಿಯ ತೀರ್ಮಾನಗಳು: 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರಫ್ತಿಗೆ ಶೇ 40 ಸುಂಕ ಹಾಕಿತು, ಡಿಸೆಂಬರ್‌ನಲ್ಲಿ ರಫ್ತನ್ನೇ ನಿಷೇಧಿಸಿತು, 2024ರ ಮೇ ತಿಂಗಳಲ್ಲಿ ನಿಷೇಧ ತೆಗೆಯಿತು. ಇಲ್ಲಿನ ಮಳೆ, ಅಲ್ಲಿನ ದಾಸ್ತಾನು, ಮತ್ತೆಲ್ಲಿಯದೋ ಆದೇಶ ಎಲ್ಲವೂ ಸೇರಿ ಎಪಿಎಂಸಿಯಲ್ಲಿ ಒಂದೇ ಅಂಕಿಯಾಗಿ ಕಾಣಿಸಿಕೊಳ್ಳುತ್ತವೆ.

ಇನ್ನು ತಂತ್ರಜ್ಞಾನ. ಮಾರುಕಟ್ಟೆಗಳನ್ನು ಕಂಪ್ಯೂಟರಿನಲ್ಲಿ ಬೆಸೆಯುವ ಇ-ನಾಮ್ 2016ರ ಏಪ್ರಿಲ್ 14ರಂದು ಶುರುವಾಯಿತು. ಇವತ್ತು ಲಕ್ಷ್ಮೇಶ್ವರದಲ್ಲಿ ಕುಳಿತೇ ದೂರದ ಊರಿನ ದರ ನೋಡಬಹುದು. ಒಬ್ಬ ರೈತನಿಗೆ ಇದು ದೊಡ್ಡ ಬಲ. ಆದರೆ ಅದೇ ಸುದ್ದಿ ಎಲ್ಲರಿಗೂ ಒಂದೇ ಗಳಿಗೆಗೆ ಸಿಕ್ಕರೆ ಲಾರಿಗಳೆಲ್ಲ ಒಂದೇ ಊರಿನ ಕಡೆ ತಿರುಗುತ್ತವೆ; ಅವು ಮುಟ್ಟುವ ಹೊತ್ತಿಗೆ ಆ ದರ ಉಳಿದಿರುವುದಿಲ್ಲ.

1994ರಲ್ಲಿ ಅರ್ಥಶಾಸ್ತ್ರಜ್ಞ ಬ್ರಯಾನ್ ಆರ್ಥರ್ ಈ ಒಗಟನ್ನು ಸಾಂಟಾ ಫೆಯ ಒಂದು ಬಾರ್‌ನ ನೆಪದಲ್ಲಿ ಬಿಡಿಸಿಟ್ಟರು. ಬರಲು ಮನಸ್ಸಿರುವವರು 100 ಜನ. 60ಕ್ಕಿಂತ ಹೆಚ್ಚು ಬಂದರೆ ನೂಕುನುಗ್ಗಲು. ‘ಇವತ್ತು ಜನ ಕಡಿಮೆ’ ಎಂದು ಎಲ್ಲರೂ ನಂಬಿದರೆ ಎಲ್ಲರೂ ಹೊರಡುತ್ತಾರೆ, ನಂಬಿಕೆಯೇ ಸುಳ್ಳಾಗುತ್ತದೆ. ಕೃತಕ ಬುದ್ಧಿಮತ್ತೆಯ ಮುನ್ಸೂಚನೆಗೂ ಈ ತೊಡಕು ತಪ್ಪಿದ್ದಲ್ಲ. ಎಲ್ಲರೂ ಪಾಲಿಸಿದೊಡನೆ ಸರಿಯಾದ ಸಲಹೆಯೂ ಕೆಡಬಹುದು.

ಹಾಗಾದರೆ ಕೈಕಟ್ಟಿ ಕೂರಬೇಕೇ? ಬೇಡ. ಗದಗದ ಹತ್ತಿರದ ಕಣಗಿನಹಾಳವನ್ನೇ ನೋಡಿ. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಅಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿತು. ಅದು ಮಳೆಯನ್ನು ಬದಲಿಸಲಿಲ್ಲ, ಬೆಳೆಯನ್ನೂ ಬದಲಿಸಲಿಲ್ಲ; ಸಾಲದ ನಂಟನ್ನು ಬದಲಿಸಿತು. ಒಬ್ಬೊಬ್ಬರೇ ಸಾಹುಕಾರನ ಮುಂದೆ ನಿಲ್ಲುವ ಬದಲು ರೈತರು ಸಂಘ ಕಟ್ಟಿಕೊಂಡು ಅಲ್ಲಿಂದಲೇ ಸಾಲ ಪಡೆಯುವಂತಾಯಿತು. ಸಂಕೀರ್ಣ ವ್ಯವಸ್ಥೆಯಲ್ಲಿ ಜನರ ನಡುವಿನ ಕಟ್ಟುಪಾಡು ತಿದ್ದಿದರೆ ಎಲ್ಲರ ನಡೆಯೂ ಬೇರೆಯಾಗುತ್ತದೆ.

ಆದ್ದರಿಂದ ಹೊಸ ಆ್ಯಪ್ ಕೈಗೆ ಬಂದಾಗ ‘ಇದು ನನಗೇನು ಕೊಡುತ್ತದೆ’ ಎಂದಷ್ಟೇ ಕೇಳಿ ನಿಲ್ಲಬೇಡಿ. ‘ಇಡೀ ತಾಲ್ಲೂಕು ಇದನ್ನೇ ನಂಬಿದರೆ ಏನಾದೀತು’ ಎಂದೂ ಕೇಳಿ. ಉಳ್ಳಾಗಡ್ಡಿ ಬಿತ್ತಿರೆಂದು ಎಲ್ಲರಿಗೂ ಒಂದೇ ಮಾತು ಹೇಳುವ ಆ್ಯಪ್ ಬಲೆಯನ್ನು ಬಿಗಿಗೊಳಿಸುತ್ತದೆ. ಈಗಾಗಲೇ ಎಷ್ಟು ಎಕರೆ ಬಿತ್ತನೆಯಾಗಿದೆ ಎಂದು ಬಿತ್ತುವ ಮೊದಲೇ ತಿಳಿಸುವ ಆ್ಯಪ್ ಅದನ್ನು ಸಡಿಲಿಸಬಲ್ಲದು.