ಮರಗಪ್ಪೆಗಳ ಕುಲನಿರ್ಣಯ

ಬೆರಳ ತುದಿಯಲ್ಲಿ ಅಗಲವಾದ ಬಿಲ್ಲೆಯುಳ್ಳ ಕಪ್ಪೆಯನ್ನು ಕಂಡೊಡನೆ ನಾವು ಅದನ್ನು ಮರಗಪ್ಪೆಯೆಂದು ಕರೆಯುತ್ತೇವೆ. ಈ ಹೆಸರು ವಾಸಸ್ಥಳವನ್ನು ಸೂಚಿಸುವುದೇ ಹೊರತು ವಂಶವನ್ನಲ್ಲ. ಅಮೆರಿಕ ಖಂಡಗಳಲ್ಲಿ ಹೇರಳವಾಗಿರುವ ಹೈಲಿಡೇ ಕುಟುಂಬದ ಕಪ್ಪೆಗಳಿಗೂ ನಮ್ಮ ಮಲೆನಾಡಿನ ರಾಕೊಫೋರಿಡೇ ಕುಟುಂಬದವಕ್ಕೂ ಈ ಬಿಲ್ಲೆಯುಂಟು. ಬೆರಳಿನ ಕೊನೆಯ ಎರಡು ಮೂಳೆಗಳ ನಡುವೆ ಮೃದ್ವಸ್ಥಿಯ ಒಂದು ಸಣ್ಣ ತುಣುಕೂ ಉಂಟು. ಆದರೆ ಚರ್ಮವನ್ನು ಬಿಡಿಸಿ ನೋಡಿದರೆ, ಮೊದಲನೆಯವುಗಳ ಕಟ್ಟಕಡೆಯ ಮೂಳೆ ಉಗುರಿನಂತೆ ಬಾಗಿರುವುದು, ಎರಡನೆಯವುಗಳದು ಕವಲೊಡೆದಿರುವುದು. ಎದೆಯ ಎಲುಬುಗಳ ಜೋಡಣೆಯೂ ಬೇರೆ. ಮರ ಹತ್ತುವ ಒಂದೇ ಕಸುಬನ್ನು ಎರಡು ವಂಶಗಳು ಪ್ರತ್ಯೇಕವಾಗಿ ಕಲಿತುದರ ಫಲವಿದು.

ಒಂದೇ ಕುಟುಂಬದೊಳಗೆ ಕುಲಗಳನ್ನು ವಿಂಗಡಿಸುವಾಗ ಕೆಲವೆಡೆ ಕಣ್ಣೇ ಸಾಕು. ಬಚ್ಚಲುಮನೆಗಳಿಗೂ ಬರುವ ಪಾಲಿಪಿಡೇಟಿಸ್ ಕಪ್ಪೆಯ ಮುಂಗೈ ಬೆರಳುಗಳ ನಡುವೆ ಜಾಲಪೊರೆ ಇಲ್ಲವೆನ್ನುವಷ್ಟು ಕಡಮೆ. ಜರ್ಡನ್ 1870ರಲ್ಲಿ ವರ್ಣಿಸಿದ ಮಲಬಾರಿನ ರಾಕೊಫೋರಸ್‌ಗಾದರೋ ಕೈಕಾಲುಗಳೆರಡರಲ್ಲಿಯೂ ವಿಶಾಲವಾದ ಕೆಂಪು ಪೊರೆಯಿದ್ದು, ಅದನ್ನು ಹರಡಿಕೊಂಡೇ ಅದು ಮರದಿಂದ ಮರಕ್ಕೆ ತೇಲಿ ಇಳಿಯುವುದು. ಎರಡೂ ನೀರಿನ ಮೇಲ್ಗಡೆ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತವೆ.

ನಿಜವಾದ ತೊಡಕು ಪೊದೆಗಪ್ಪೆಗಳದು. ಹೆಬ್ಬೆರಳ ಗಾತ್ರವನ್ನು ಅಪರೂಪಕ್ಕೆ ಮೀರುವ ಇವುಗಳಿಗೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಮೊಟ್ಟೆಯೊಡೆದು ಬರುವುದು ಪುಟ್ಟ ಕಪ್ಪೆಯೇ. ಪಶ್ಚಿಮಘಟ್ಟ, ಶ್ರೀಲಂಕಾ, ಆಗ್ನೇಯ ಏಷ್ಯ ಈ ಮೂರೂ ಕಡೆಯ ಪೊದೆಗಪ್ಪೆಗಳನ್ನು ಬಹುಕಾಲ ಫಿಲಾಟಸ್ ಎಂಬ ಒಂದೇ ಕುಲಕ್ಕೆ ಸೇರಿಸಲಾಗಿತ್ತು. ನಮ್ಮ ಅಭಿಪ್ರಾಯದಲ್ಲಿ ಅದು ಕುಲವೆನ್ನುವುದಕ್ಕಿಂತ, ಎಲ್ಲಿಯೂ ಸೇರದವನ್ನು ತುಂಬಿಡುವ ಬುಟ್ಟಿಯಾಗಿತ್ತು.

ಇಲ್ಲಿ ನೆರವಿಗೆ ಬಂದದ್ದು ಡಿಎನ್‌ಎ. ಈ ಎಳೆಯಲ್ಲಿ ನಾಲ್ಕು ರಾಸಾಯನಿಕ ಅಕ್ಷರಗಳು ಸಾಲಾಗಿ ಪೋಣಿಸಲ್ಪಟ್ಟಿವೆ. ಎರಡು ವಂಶಗಳು ಅಗಲಿದ ಮೇಲೆ ಒಂದೊಂದರಲ್ಲಿಯೂ ಬೇರೆ ಬೇರೆ ಅಕ್ಷರಗಳು ಬದಲಾಗುತ್ತ ಹೋಗುತ್ತವೆ. ಒಂದೇ ಜೀನನ್ನು ಹಲವು ಕಪ್ಪೆಗಳಲ್ಲಿ ಓದಿ, ಯಾವ ಬದಲಾವಣೆಗಳನ್ನು ಯಾವುವು ಹಂಚಿಕೊಂಡಿವೆಯೆಂದು ಎಣಿಸಿದರೆ ವಂಶವೃಕ್ಷದ ಕೊಂಬೆಗಳು ಗೋಚರಿಸುತ್ತವೆ. ಮೈಟೊಕಾಂಡ್ರಿಯದ ಜೀನುಗಳು ತಾಯಿಯಿಂದ ಮಾತ್ರ ಬರುವುದರಿಂದ, ಕೋಶಕೇಂದ್ರದ ಜೀನುಗಳನ್ನೂ ಜೊತೆಗಿಟ್ಟು ನೋಡುವುದು ಲೇಸು.

ಹೀಗೆ ನೋಡಿದಾಗ ಭಾರತದ ಬಹುಪಾಲು ಪೊದೆಗಪ್ಪೆಗಳು ತಮ್ಮದೇ ಒಂದು ಕೊಂಬೆಯೆಂದು ಕಂಡುಬಂದಿತು. ಎಸ್. ಡಿ. ಬಿಜು ಮತ್ತು ಸಂಗಡಿಗರು 2010ರಲ್ಲಿ ಅದಕ್ಕೆ ರಾವೊರ್ಕೆಸ್ಟಿಸ್ ಎಂಬ ಕುಲನಾಮವನ್ನಿತ್ತರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದ ಸಿ. ಆರ್. ನಾರಾಯಣರಾಯರ ಹೆಸರು ಅದರಲ್ಲಿ ಸೇರಿದೆ. ಶ್ರೀಲಂಕೆಯವು ಸ್ಯೂಡೊಫಿಲಾಟಸ್ ಆದುವು. ಆದರೆ ಅಂಬೋಲಿಯ ಹೆಸರು ಹೊತ್ತು ಮಹಾರಾಷ್ಟ್ರ, ಕರ್ನಾಟಕಗಳ ಘಟ್ಟಗಳಲ್ಲಿ ಕೂಗುವ ಒಂದು ಕಪ್ಪೆ ರೂಪದಲ್ಲಿ ನೆರೆಯವುಗಳನ್ನು ಹೋಲಿದರೂ ಜೀನುಗಳಲ್ಲಿ ಶ್ರೀಲಂಕೆಯ ಕುಲಕ್ಕೇ ಸೇರುತ್ತದೆ! ಅದರ ಪೂರ್ವಜರು ದ್ವೀಪದಿಂದ ಇತ್ತ ದಾಟಿ ಬಂದಿರಬೇಕೆಂಬುದು ಸಂಶೋಧಕರ ಊಹೆ.

ಹೆಸರಿಗಾಗಿ ಇಷ್ಟು ಶ್ರಮವೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಒಂದೇ ಹೆಸರಿನಡಿ ಹತ್ತು ಪ್ರಭೇದಗಳು ಅಡಗಿದ್ದರೆ, ಅವುಗಳಲ್ಲೊಂದು ಅಳಿದರೂ ಲೆಕ್ಕಕ್ಕೆ ಸಿಕ್ಕದು. ಸ್ಯೂಡೊಫಿಲಾಟಸ್ ಕುಲದಲ್ಲಿ 15ಕ್ಕೂ ಹೆಚ್ಚು ಪ್ರಭೇದಗಳು ಈಗಾಗಲೇ ನಿರ್ವಂಶವಾಗಿವೆ. ಅವುಗಳಲ್ಲಿ ಹಲವನ್ನು ಪ್ರತ್ಯೇಕ ಪ್ರಭೇದಗಳೆಂದು ಗುರುತಿಸಿದ್ದು ವಸ್ತುಸಂಗ್ರಹಾಲಯಗಳ ಸೀಸೆಗಳಲ್ಲಿದ್ದ ಹಳೆಯ ಮಾದರಿಗಳಿಂದ; ಆ ವೇಳೆಗೆ ಹುಡುಕಿದವರಿಗೆ ಅವು ಕಾಡಿನಲ್ಲಿ ದೊರೆಯಲಿಲ್ಲ.