ಆ ಟ್ಯೂಬನ್ನು ಡಾಕ್ಟರಿಗೆ ತೋರಿಸು



ನಿಮ್ಮಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ತೊಡೆಸಂದಿಯಲ್ಲಿ ಶುರುವಾದ ತುರಿಕೆ ಸೊಂಟದ ಸುತ್ತ ಹಬ್ಬಿದೆಯಂತೆ. ಹೆಗ್ಗನಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬು ಹಚ್ಚಿದರೆ ನಾಲ್ಕು ದಿನ ತಣ್ಣಗಿದ್ದು, ಬಿಟ್ಟ ಕೂಡಲೇ ಮತ್ತೆ ಏಳುತ್ತದಂತೆ. ನನ್ನ ಹತ್ತಿರ ಹೇಳಲು ನಾಚಿಕೆಯೇನಪ್ಪಾ? ಆಸ್ಪತ್ರೆಯ ಲ್ಯಾಬಿನಲ್ಲಿ ಇಂಥದ್ದನ್ನು ನೋಡುತ್ತಲೇ ನನ್ನ ನೌಕರಿ ಮುಗಿಯಿತು.

ಇದು ಕೊಳಕರಿಗೆ ಬರುವ ರೋಗವಲ್ಲ. ನಿನ್ನಂತೆ ಪೀಣ್ಯದ ಕಾರ್ಖಾನೆಗಳಲ್ಲಿ ಶೀಟಿನ ಚಾವಣಿಯ ಕೆಳಗೆ ದಪ್ಪ ಜೀನ್ಸ್ ಹಾಕಿಕೊಂಡು ದಿನವಿಡೀ ಬೆವರುವವರಿಗೆ, ಮಳೆಗಾಲದಲ್ಲಿ ಬಟ್ಟೆ ಪೂರ್ತಿ ಒಣಗದ ಬಾಡಿಗೆ ರೂಮುಗಳಲ್ಲಿ ಒಂದೇ ಟವಲ್ಲು ಹಂಚಿಕೊಳ್ಳುವವರಿಗೆ ಶಿಲೀಂಧ್ರದಿಂದಾಗುವ ಹುಳುಕಡ್ಡಿ ಅಂಟುವುದು ಸುಲಭ.

ನನಗೆ ಭಯವಿರುವುದು ಆ ಟ್ಯೂಬಿನದು. ಇಂಥ ಮುಲಾಮುಗಳಲ್ಲಿ ಶಿಲೀಂಧ್ರದ ಔಷಧಿಯ ಜೊತೆಗೆ ಆಂಟಿಬಯೋಟಿಕ್, ಕ್ಲೋಬೆಟಾಸಾಲ್‌ನಂಥ ಬಲವಾದ ಸ್ಟೀರಾಯ್ಡ್ ಸೇರಿರುತ್ತವೆ. ಸ್ಟೀರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನೇ ಅಡಗಿಸುವುದರಿಂದ ಕೆಂಪು, ತುರಿಕೆ ಇಳಿಯುತ್ತವೆ; ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ಉಂಗುರದಂಥ ಅಂಚು ಅಳಿಸಿಹೋಗಿ ಡಾಕ್ಟರಿಗೂ ಗುರುತು ಹತ್ತದಂತಾಗುತ್ತದೆ. ಚರ್ಮ ತೆಳುವಾಗಿ ತೊಡೆಯಲ್ಲಿ ಬೀಳುವ ಗೆರೆಗಳು ಆಮೇಲೆ ಪೂರ್ತಿ ಹೋಗುವುದಿಲ್ಲ. 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಆದೇಶಿಸಿದೆ. ಆದರೂ ನಿನ್ನ ಕೈಗೆ ಬಂತಲ್ಲ!

ತುರಿಸುವುದೆಲ್ಲ ಹುಳುಕಡ್ಡಿಯೂ ಅಲ್ಲ ಮಗಾ. ಅದಕ್ಕೆ ಸಾಮಾನ್ಯವಾಗಿ ಉಬ್ಬಿದ, ಹೊಟ್ಟೇಳುವ ಅಂಚು. ನಡುವೆ ಚರ್ಮ ತಿಳಿ. ಲೇತಿನ ಕೂಲಂಟ್, ಸಿಮೆಂಟು, ವಾಚಿನ ನಿಕಲ್ ತಾಗಿದ ಕಡೆಯೇ ಕೆಂಪಾಗಿ ರಸ ಒಸರಿದರೆ ಇಸುಬಿರಬಹುದು. ಮೊಣಕೈ, ಮಂಡಿ, ತಲೆಯಲ್ಲಿ ಬೆಳ್ಳಿಯಂಥ ದಪ್ಪ ಹೊಟ್ಟೆದ್ದರೆ ಸೋರಿಯಾಸಿಸ್ ಇರಬಹುದು; ಅದು ಅಂಟುರೋಗವಲ್ಲ. ರಾತ್ರಿ ತುರಿಕೆ ಜೋರಾಗಿ, ಬೆರಳಸಂದಿಯಲ್ಲಿ ಗುಳ್ಳೆಯೆದ್ದು, ರೂಮಿನವರೆಲ್ಲ ಕೆರೆದುಕೊಳ್ಳುತ್ತಿದ್ದರೆ ಕಜ್ಜಿಯ ಅನುಮಾನ. ಸ್ಪರ್ಶವೇ ತಿಳಿಯದ ಮಚ್ಚೆ ಕಂಡರೆ ಕುಷ್ಠವಿರಬಹುದು, ಒಂದು ದಿನವೂ ತಡ ಬೇಡ. ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧಿಯಿದೆ, ಗುಣವೂ ಆಗುತ್ತದೆ.

ಕಣ್ಣಿಗೆ ಅನುಮಾನ ಉಳಿದರೆ ನಮ್ಮ ಲ್ಯಾಬಿನ ಕೆಲಸ ಶುರು. ಮಚ್ಚೆಯ ನಡುವಿನಿಂದಲ್ಲ, ಅಂಚಿನಿಂದ ಹೊಟ್ಟನ್ನು ಮೆಲ್ಲಗೆ ಕೆರೆದು ಗಾಜಿನ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಒಂದು ತೊಟ್ಟು ಬಿಡುತ್ತೇವೆ. ಸ್ವಲ್ಪ ಹೊತ್ತಿಗೆ ಚರ್ಮದ ಕಣಗಳು ಕರಗಿ ತಿಳಿಯಾಗುತ್ತವೆ. ಶಿಲೀಂಧ್ರದ ಕವಲೊಡೆದ ಎಳೆಗಳು ಕರಗದೆ ಉಳಿದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ನೋವಿಲ್ಲ, ಹೆಚ್ಚು ಖರ್ಚಿಲ್ಲ. ಇಷ್ಟು ಸರಳ ಪರೀಕ್ಷೆ ಮಾಡಿಸದೆ ಜನ ತಿಂಗಳುಗಟ್ಟಲೆ ಮುಲಾಮು ಬಳಿದುಕೊಳ್ಳುವುದು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ವಿಷಯ. ನಮ್ಮ ದೇಶದಲ್ಲಿ ಈಗ ಹರಡಿರುವ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಮಾತ್ರೆಗೂ ಇದು ಎಷ್ಟೋ ಸಲ ಬಗ್ಗುವುದಿಲ್ಲ. ಹಾಗಾಗಿ ಚಿಕಿತ್ಸೆ ಉದ್ದವಾಗಬಹುದು. ತುರಿಕೆ ನಿಂತಿತೆಂದು ಡಾಕ್ಟರು ಕೊಟ್ಟ ಮಾತ್ರೆಯನ್ನು ನೀನಾಗಿಯೇ ನಿಲ್ಲಿಸಬೇಡ. ಬಟ್ಟೆ, ಟವಲ್ಲು ಬೇರೆಯಿಟ್ಟುಕೋ, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕು. ತುರಿಕೆಯಿರುವ ಗೆಳೆಯರಿಗೂ ಒಟ್ಟಿಗೇ ಚಿಕಿತ್ಸೆಯಾಗದಿದ್ದರೆ ಮತ್ತೆ ನಿನಗೇ ಅಂಟುತ್ತದೆ.

ನಿನ್ನ ಹತ್ತಿರ ಇಎಸ್‌ಐ ಕಾರ್ಡ್ ಇದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಿನಗೇನು ದೂರವಲ್ಲ. ಅರ್ಧ ದಿನ ರಜೆ ಹಾಕಿ ಚರ್ಮದ ಡಾಕ್ಟರನ್ನು ಕಾಣು. ಟ್ಯೂಬನ್ನು ಎಸೆಯದೆ ಜೇಬಿನಲ್ಲಿಟ್ಟುಕೊಂಡು ಹೋಗಿ, ಎಷ್ಟು ದಿನದಿಂದ ಹಚ್ಚುತ್ತಿದ್ದೀಯೆಂದು ಮುಚ್ಚಿಡದೆ ಹೇಳು. ಅವರು ಏನೆಂದರೆಂದು ಅಂದೇ ಸಂಜೆ ನನಗೆ ಫೋನ್ ಮಾಡು.

ನಿನ್ನ ದೊಡ್ಡಮ್ಮ